ದವಡೆ ಬಿಗಿದರೆ ಜೋರಾಗುವ ಸದ್ದು: ಎಡಗಿವಿಯ ಟಿನ್ನಿಟಸ್‌ಗೆ ಕೈಚಿಕಿತ್ಸೆ ಮಾಡಿದ ಒಂದು ಪ್ರಕರಣ

ನಾನು ಫಿಸಿಯೋಥೆರಪಿಸ್ಟ್. ಕುತ್ತಿಗೆ ನೋವು, ದವಡೆ ನೋವು ಇರುವವರನ್ನು ಹೆಚ್ಚಾಗಿ ನೋಡುತ್ತೇನೆ. ಕಿವಿಯಲ್ಲಿ ಸದ್ದು ಬರುತ್ತಿದೆ ಎಂದು ಯಾರೂ ಮೊದಲು ನನ್ನ ಹತ್ತಿರ ಬರುವುದಿಲ್ಲ. ಬರುವ ಹೊತ್ತಿಗೆ ಹತ್ತು ಕಡೆ ಸುತ್ತಿ, ಸುಸ್ತಾಗಿರುತ್ತಾರೆ.

ಇಲ್ಲಿ ಬರೆಯುತ್ತಿರುವುದು ಹಾಗೆ ಬಂದ ಒಬ್ಬರ ಬಗ್ಗೆ. ವಯಸ್ಸು 48. ಇಪ್ಪತ್ತೈದು ವರ್ಷದಿಂದ ಬಟ್ಟೆ ಹೊಲಿಯುವ ಕೆಲಸ. 14 ತಿಂಗಳಿಂದ ಎಡಗಿವಿಯಲ್ಲಿ ನಿಲ್ಲದ ಸದ್ದು. ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಕೇಳಿಸುವ ಇಂಥ ಸದ್ದಿಗೇ ಟಿನ್ನಿಟಸ್ ಎನ್ನುತ್ತಾರೆ. ಬರೆಯಲು ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಇಲ್ಲೂ ಹಾಗೇ ಇರಲಿ.

"ತಲೆ ಒತ್ತಿದ್ರೆ, ಕುತ್ತಿಗೆ ನೀವಿದ್ರೆ ಇದು ಹೋಗುತ್ತಾ ಮೇಡಂ?" ಅವರ ಮೊದಲ ಪ್ರಶ್ನೆ ಇದು. ಆ ದಿನ ನಾನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ನಿಮ್ಮ ಸದ್ದಿನಲ್ಲಿ ಕುತ್ತಿಗೆ, ದವಡೆಯ ಪಾಲು ಎಷ್ಟಿದೆ ಅಂತ ಮೊದಲು ನೋಡೋಣ ಅಕ್ಕ. ಪಾಲು ಇದ್ದರೆ ಕೈಗೆ ಕೆಲಸ ಇದೆ. ಇಲ್ಲದಿದ್ದರೆ ನಿಮ್ಮ ದುಡ್ಡು, ಸಮಯ ಎರಡೂ ದಂಡ" ಎಂದೆ. ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸಗಳಲ್ಲಿ ಅದು ಮುಖ್ಯವಾದದ್ದು ಅಂತ ಈಗಲೂ ಅನಿಸುತ್ತದೆ.

ಬಂದಾಗ ಹೇಗಿದ್ದರು

ಒಂದು ದೊಡ್ಡ ಆರ್ಡರ್ ಮುಗಿಸಲು ಮೂರು ವಾರ ದಿನಕ್ಕೆ ಹದಿನಾಲ್ಕು ಗಂಟೆ ಹೊಲಿದಿದ್ದರು. ಅದು ಮುಗಿದ ವಾರ ರಾತ್ರಿ ಮಲಗಿದಾಗ ಎಡಗಿವಿಯಲ್ಲಿ ಸದ್ದು ಕೇಳಿಸಿತು. ಮೊದಲು ಹೊರಗೆಲ್ಲೋ ಜೀರುಂಡೆ ಕೂಗುತ್ತಿದೆ ಅಂದುಕೊಂಡು ಎದ್ದು ಕಿಟಕಿ ಮುಚ್ಚಿದರಂತೆ. ಕಿಟಕಿ ಮುಚ್ಚಿದ ಮೇಲೆ ಇನ್ನೂ ಚೆನ್ನಾಗಿ ಕೇಳಿಸಿತು.

ಸದ್ದು ಹೇಗಿದೆ ಎಂದು ಕೇಳಿದಾಗ ಅವರು ಎರಡು ಸದ್ದು ವಿವರಿಸಿದರು. "ಕೆಳಗಡೆ ಒಂದು ಶ್ಶ್ ಅಂತ ಯಾವಾಗ್ಲೂ ಇರುತ್ತೆ. ಅದರ ಮೇಲೆ ಇನ್ನೊಂದು ಕೀಂಯ್ ಅಂತ, ಸೂಜಿ ಚುಚ್ಚಿದ ಹಾಗೆ. ಅದು ಬರುತ್ತೆ, ಹೋಗುತ್ತೆ. ಅದೇ ನನ್ನ ಜೀವ ತಿನ್ನೋದು." ಈ ಮಾತನ್ನು ಹಾಗೇ ಬರೆದಿಟ್ಟುಕೊಂಡೆ. ಮುಂದೆ ಆದದ್ದೆಲ್ಲ ಅರ್ಥವಾಗಲು ಇದು ಬೇಕು.

ನನ್ನ ಹತ್ತಿರ ಬರುವ ಮೊದಲೇ ಇಎನ್‌ಟಿ ಡಾಕ್ಟರ್ ನೋಡಿದ್ದರು. ಕಿವಿಯ ಗುಗ್ಗೆ ತೆಗೆದಿದ್ದರು. ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿಗೆ 4000 ಹರ್ಟ್ಝ್ ಸುತ್ತ ಗ್ರಾಫ್‌ನಲ್ಲಿ ಒಂದು ಗುಳಿ ಇತ್ತು, ಅಂದರೆ ಆ ಕೀರಲು ಸದ್ದುಗಳು ಕಡಿಮೆ ಕೇಳಿಸುತ್ತಿದ್ದವು, ಎಡಗಡೆ ಸ್ವಲ್ಪ ಜಾಸ್ತಿ ಆಳ. ವರ್ಷಗಟ್ಟಲೆ ಜೋರು ಸದ್ದಿನ ನಡುವೆ ಇರುವವರಲ್ಲಿ ಗ್ರಾಫ್ ಸಾಮಾನ್ಯವಾಗಿ ಈ ಜಾಗದಲ್ಲೇ ಕುಸಿಯುತ್ತದೆ. ಒಂದೇ ಕಿವಿಯ ಸದ್ದು ಆದ್ದರಿಂದ ಎಂಆರ್‌ಐ ಕೂಡ ಮಾಡಿಸಿದ್ದರು. ಕೇಳುವ ನರದ ಮೇಲೆ ಗಡ್ಡೆ ಇಲ್ಲ ಎಂದು ಖಚಿತವಾಗಿತ್ತು. ಆ ವರದಿ ಇಲ್ಲದಿದ್ದರೆ ನಾನು ಅವರ ತಲೆ ಮುಟ್ಟುತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸದ್ದು ನಾಡಿ ಬಡಿತದ ತಾಳಕ್ಕೆ ಸರಿಯಾಗಿ ಬರುತ್ತಿದ್ದರೆ, ಒಂದೇ ಕಿವಿಯಲ್ಲಿದ್ದರೆ, ಜೊತೆಗೆ ತಲೆ ಸುತ್ತುತ್ತಿದ್ದರೆ, ಮುಖದ ಒಂದು ಭಾಗ ಸೋತಂತಿದ್ದರೆ ಮೊದಲು ಡಾಕ್ಟರ್ ನೋಡಬೇಕು. ಒಂದೆರಡು ದಿನದಲ್ಲಿ ಒಂದು ಕಿವಿ ಕೇಳಿಸುವುದೇ ಕಡಿಮೆಯಾದರೆ ಅದು ತುರ್ತು ವಿಷಯ. ಅದಕ್ಕೆ ಕೊಡುವ ಸ್ಟೀರಾಯ್ಡ್ ಬೇಗ ಶುರುವಾದಷ್ಟೂ ಒಳ್ಳೆಯದು. ಅಂಥವರು ಮಸಾಜ್ ಟೇಬಲ್ ಮೇಲೆ ಮಲಗಿ ಎರಡು ವಾರ ಕಳೆದರೆ ಆ ನಷ್ಟವನ್ನು ಯಾರೂ ತುಂಬಿಕೊಡಲಾಗದು.

ಅಕ್ಕನಿಗೆ ಕೊನೆಗೆ ಸಿಕ್ಕ ಮಾತು "ಅಭ್ಯಾಸ ಮಾಡಿಕೊಳ್ಳಿ" ಎಂಬುದು. ಆ ಮಾತು ತಪ್ಪಲ್ಲ. ಆದರೆ ಹೇಗೆ ಅಭ್ಯಾಸ ಮಾಡಿಕೊಳ್ಳುವುದು ಎಂದು ಯಾರೂ ಹೇಳಿರಲಿಲ್ಲ. ಅಲ್ಲಿಂದ ಅವರು ಕುತ್ತಿಗೆ "ಟಕ್" ಅನ್ನಿಸುವ ಒಬ್ಬರ ಹತ್ತಿರ ಹೋದರು. ಎರಡು ಸಲ ಮಾಡಿಸಿಕೊಂಡರು. ಎರಡನೇ ಸಲ ಒಂದು ದಿನ ಪೂರ್ತಿ ತಲೆ ತಿರುಗಿ, ವಾಂತಿ ಬಂದ ಹಾಗಾಗಿ ಬಿಟ್ಟುಬಿಟ್ಟರು. ಅದನ್ನು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಕುತ್ತಿಗೆಯನ್ನು ಜೋರಾಗಿ ತಿರುಗಿಸಿದಾಗ ಅಪರೂಪಕ್ಕೆ ರಕ್ತನಾಳದ ಒಳಪದರ ಹರಿಯುತ್ತದೆ. ಪಾರ್ಶ್ವವಾಯು ಆಗಬಹುದು. ಕಿವಿಯ ಸದ್ದಿಗಾಗಿ ಆ ಅಪಾಯ ತೆಗೆದುಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಇನ್ನೊಮ್ಮೆ ಡಾಕ್ಟರ್ ನೋಡಿ ತೊಂದರೆ ಇಲ್ಲ ಎಂದ ಮೇಲೆಯೇ ಮುಂದುವರಿದೆ.

ಕುತ್ತಿಗೆಗೂ ಕಿವಿಗೂ ಏನು ಸಂಬಂಧ

ಮಿದುಳಿನ ಕಾಂಡದಲ್ಲಿ ಕಿವಿಯ ಸುದ್ದಿ ಮೊದಲು ಬಂದು ಸೇರುವ ಜಾಗಗಳಲ್ಲಿ ಒಂದರ ಹೆಸರು ಡಾರ್ಸಲ್ ಕಾಕ್ಲಿಯರ್ ನ್ಯೂಕ್ಲಿಯಸ್. ಅಲ್ಲಿಗೆ ಕಿವಿಯಿಂದ ಮಾತ್ರ ಸುದ್ದಿ ಬರುವುದಿಲ್ಲ. ಮುಖ ಮತ್ತು ದವಡೆಯ ನರದಿಂದಲೂ, ಕುತ್ತಿಗೆಯ ಮೇಲ್ಭಾಗದ ನರಗಳಿಂದಲೂ ಬರುತ್ತದೆ. ನಾವು ಅಗಿಯುವಾಗ, ಮಾತಾಡುವಾಗ, ತಲೆ ತಿರುಗಿಸುವಾಗ ನಮ್ಮದೇ ದೇಹ ಮಾಡುವ ಸದ್ದನ್ನು ಹೊರಗಿನ ಸದ್ದಿನಿಂದ ಬೇರೆ ಮಾಡಲು ಈ ಜೋಡಣೆ ನೆರವಾಗುತ್ತದೆ ಎಂಬ ವಿವರಣೆ ಇದೆ.

ಕಿವಿಯಿಂದ ಬರುವ ಸುದ್ದಿ ಕಡಿಮೆಯಾದರೆ ಆ ಜಾಗದ ಕೋಶಗಳು ಉಳಿದ ಕಡೆಯ ಸುದ್ದಿಗೆ ಜಾಸ್ತಿ ಕಿವಿಗೊಡುತ್ತವೆ. ದವಡೆ, ಕುತ್ತಿಗೆಯ ಬಿಗಿತ ಅವನ್ನು ಕೆರಳಿಸುತ್ತದೆ. 1999ರಲ್ಲಿ ರಾಬರ್ಟ್ ಲೆವಿನ್ ಎಂಬ ಅಮೆರಿಕದ ವೈದ್ಯರು ಈ ಊಹೆಯನ್ನು ಮುಂದಿಟ್ಟರು. ಮಿಷಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಅವರ ಪ್ರಯೋಗಾಲಯ ಪ್ರಾಣಿಗಳಲ್ಲಿ ಈ ದಾರಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದೆ. ಇಂಥ ಟಿನ್ನಿಟಸ್‌ಗೆ ಸೊಮ್ಯಾಟೋಸೆನ್ಸರಿ ಟಿನ್ನಿಟಸ್ ಎನ್ನುತ್ತಾರೆ. ಅದನ್ನು ಗುರುತಿಸುವುದು ಹೇಗೆ ಎಂಬ ಲಕ್ಷಣಗಳ ಪಟ್ಟಿಯನ್ನು 2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಮಾಡಿದರು.

ಒಂದು ಎಚ್ಚರ ಬೇಕು. ಹಲ್ಲು ಕಚ್ಚಿದಾಗ ಸದ್ದು ಬದಲಾದರೆ ಸಾಕು, ಕಾರಣ ದವಡೆಯೇ ಎಂದು ತೀರ್ಮಾನ ಮಾಡುವಂತಿಲ್ಲ. ಟಿನ್ನಿಟಸ್ ಇರುವ ಬಹಳ ಜನರಿಗೆ ಹೀಗೆ ಸದ್ದು ಬದಲಾಗುತ್ತದೆ. ಅದರ ಜೊತೆಗೆ ಬೇರೆ ಗುರುತುಗಳೂ ಬೇಕು: ಕುತ್ತಿಗೆ ಅಥವಾ ದವಡೆ ನೋವು ಮತ್ತು ಸದ್ದು ಒಟ್ಟಿಗೆ ಶುರುವಾಗಿರುವುದು, ಎರಡೂ ಒಟ್ಟಿಗೆ ಏರಿಳಿಯುವುದು, ಕೂರುವ ಭಂಗಿ ಬದಲಾದಾಗ ಸದ್ದೂ ಬದಲಾಗುವುದು, ರಾತ್ರಿ ಹಲ್ಲು ಕಡಿಯುವುದು.

ಕೈಗೆ ಸಿಕ್ಕಿದ್ದು

ಅಕ್ಕನನ್ನು ಶಾಂತವಾದ ಕೋಣೆಯಲ್ಲಿ ಕೂರಿಸಿ ಒಂದೊಂದಾಗಿ ನೋಡಿದೆ. ಹಲ್ಲು ಗಟ್ಟಿಯಾಗಿ ಕಚ್ಚಿಸಿದೆ. ಕೀಂಯ್ ಸದ್ದು ಏರಿತು. ಕೆಳದವಡೆಯನ್ನು ಮುಂದಕ್ಕೆ ಚಾಚಿಸಿದೆ. ಅವರು ಎಡಗಿವಿಯ ಮೇಲೆ ಕೈಯಿಟ್ಟುಕೊಂಡು, "ಇದೇ ಮೇಡಂ, ಸಂಜೆ ಬರೋದು ಇದೇ!" ಎಂದರು. ಶ್ಶ್ ಸದ್ದು ಮಾತ್ರ ಯಾವುದಕ್ಕೂ ಅಲ್ಲಾಡಲಿಲ್ಲ.

ಬಾಯಿ ಅಗಲಿಸಿದಾಗ 34 ಮಿ.ಮೀ. ಮಾತ್ರ ತೆರೆಯಿತು. ಸಾಮಾನ್ಯವಾಗಿ 40ಕ್ಕಿಂತ ಜಾಸ್ತಿ ಬರಬೇಕು. ತೆರೆಯುವಾಗ ದವಡೆ ಎಡಕ್ಕೆ ವಾಲುತ್ತಿತ್ತು. ಕೆನ್ನೆಯ ಹಿಂಭಾಗದಲ್ಲಿ, ಕಿವಿಯ ಮುಂದೆ, ಅಗಿಯುವ ಸ್ನಾಯುವಿನ ಆಳದ ಪದರ ಹಗ್ಗದ ಹಾಗೆ ಬಿಗಿದಿತ್ತು. ಒತ್ತಿದರೆ ನೋವು ಕಿವಿಯೊಳಗೆ ಹೋಗುತ್ತಿತ್ತು. ಗಲ್ಲವನ್ನು ಎದೆಗೆ ತಾಗಿಸಿ ತಲೆ ತಿರುಗಿಸುವ ಪರೀಕ್ಷೆಯಲ್ಲಿ ಬಲಕ್ಕೆ 42 ಡಿಗ್ರಿ, ಎಡಕ್ಕೆ 27 ಡಿಗ್ರಿ. ಈ ಪರೀಕ್ಷೆ ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವಿನ ಚಲನೆಯನ್ನು ಹೇಳುತ್ತದೆ. ಇಷ್ಟು ವ್ಯತ್ಯಾಸ ಸುಮ್ನೆ ಬರುವುದಿಲ್ಲ. ಹೆಡತಲೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಎತ್ತಿ ಹಿಡಿದಾಗ ಕೀಂಯ್ ಸದ್ದು ಹತ್ತು ಹದಿನೈದು ಸೆಕೆಂಡು ಇಳಿಯಿತು. ಅಕ್ಕನ ಕಣ್ಣಲ್ಲಿ ನೀರು ಬಂತು. ಹದಿನಾಲ್ಕು ತಿಂಗಳಲ್ಲಿ ಆ ಸದ್ದು ಯಾರದೋ ಕೈಗೆ ಬಗ್ಗಿದ್ದು ಅದೇ ಮೊದಲು.

ಆಮೇಲೆ ಕೆಲಸದ ಬಗ್ಗೆ ಕೇಳಿದೆ. ಹೊಲಿಯುವಾಗ ಏನೇನು ಮಾಡುತ್ತೀರಿ, ತೋರಿಸಿ ಎಂದೆ. ಅವರು ಮೇಜಿನ ಮೇಲೆ ಬಗ್ಗಿ ಕೂತರು. ಗುಂಡುಪಿನ್ನುಗಳನ್ನು ತುಟಿಯ ನಡುವೆ ಹಿಡಿದ ಹಾಗೆ ಮಾಡಿದರು. ದಾರವನ್ನು ಹಲ್ಲಿನಿಂದ ಕಡಿದ ಹಾಗೆ ಮಾಡಿದರು. ಮುಂದಿನ ಹಲ್ಲು ಸೇರಬೇಕಾದರೆ ಕೆಳದವಡೆ ಮುಂದಕ್ಕೆ ಬರಲೇಬೇಕು. ದಿನಕ್ಕೆ ಎಷ್ಟು ಸಲ ಎಂದರೆ, "ಯಾರು ಲೆಕ್ಕ ಇಡ್ತಾರೆ ಮೇಡಂ, ನೂರಾರು ಸಲ" ಎಂದರು. ಸದ್ದನ್ನು ಎಬ್ಬಿಸಲು ನಾನು ಪರೀಕ್ಷೆಯಲ್ಲಿ ಮಾಡಿಸಿದ ಚಲನೆಯನ್ನೇ ಅವರು ಇಪ್ಪತ್ತೈದು ವರ್ಷದಿಂದ ಮಾಡುತ್ತಿದ್ದರು.

ಮೊದಲು ಏನೂ ಮಾಡದ ಎರಡು ವಾರ

ಒಂದು ಪುಸ್ತಕ ಕೊಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಸಲ ಸದ್ದು ಎಷ್ಟು ಜೋರು, ಎಷ್ಟು ಕಾಟ ಎಂದು 0ಯಿಂದ 10ರವರೆಗೆ ಬರೆಯಬೇಕು. ಎರಡು ವಾರ ಚಿಕಿತ್ಸೆ ಇಲ್ಲ. ಅಕ್ಕನಿಗೆ ಸಿಟ್ಟು ಬಂತು. ಬಂದಿರೋದು ವಾಸಿ ಮಾಡ್ಕೊಳ್ಳೋಕೆ, ಬರೆಯೋಕೆ ಅಲ್ಲ ಎಂದರು. ಸಿಟ್ಟು ನ್ಯಾಯವಾದದ್ದೇ. ಆದರೂ ಒಪ್ಪಿಸಿದೆ.

ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ 25 ಪ್ರಶ್ನೆಗಳ ಪಟ್ಟಿಯನ್ನೂ ತುಂಬಿಸಿದೆ. 1996ರಲ್ಲಿ ಪ್ರಕಟವಾದ ಇದನ್ನು ಈಗಲೂ ಎಲ್ಲ ಕಡೆ ಬಳಸುತ್ತಾರೆ. ಪ್ರತಿ ಪ್ರಶ್ನೆಗೆ ಹೌದು ಎಂದರೆ 4, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ 0. ಒಟ್ಟು 100. ಅಕ್ಕನಿಗೆ 58 ಬಂತು. ಅಂದರೆ ತೀವ್ರ ಎನ್ನುವ ಮಟ್ಟದ ಮೊದಲ ಮೆಟ್ಟಿಲು.

ಎರಡು ವಾರದ ನಂತರ ಪುಸ್ತಕ ನೋಡಿದಾಗ ಸರಾಸರಿ ಜೋರು 6.3. ಆದರೆ ಒಂದೊಂದು ದಿನ 3, ಒಂದೊಂದು ದಿನ 9! ಏನೂ ಮಾಡದೆಯೇ ಇಷ್ಟು ಏರಿಳಿತ. ಪ್ರಶ್ನೆಪಟ್ಟಿ ಮತ್ತೆ ತುಂಬಿಸಿದರೆ 54. ಯಾರೂ ಕೈಯಿಡದೆ 4 ಅಂಕ ಇಳಿದಿತ್ತು.

ಇದನ್ನು ನಾನು ಒತ್ತಿ ಹೇಳಲು ಕಾರಣ ಇದೆ. ಜನ ಚಿಕಿತ್ಸೆಗೆ ಹೋಗುವುದು ಸದ್ದು 9ರಲ್ಲಿದ್ದಾಗ. 9 ಹೇಗೂ ಕೆಲವು ದಿನದಲ್ಲಿ 6ಕ್ಕೆ ಬರುತ್ತದೆ. ಆ ನಡುವೆ ಯಾರು ತಲೆ ಮುಟ್ಟಿದರೋ ಅವರಿಗೆ ಹೆಸರು ಬರುತ್ತದೆ. ನನ್ನ ಕೈಗೂ ಹಾಗೆ ಎಷ್ಟೋ ಸಲ ಹೆಸರು ಬಂದಿರಬಹುದು. ಅದಕ್ಕೇ ಈ ಎರಡು ವಾರದ ಬಗ್ಗೆ ನನಗೆ ಇಷ್ಟು ಹಟ.

ತಲೆ ಹಿಡಿಯುವ ಚಿಕಿತ್ಸೆ

ಅಕ್ಕನಿಗೆ ಕ್ರೇನಿಯೋಸೇಕ್ರಲ್ ಥೆರಪಿ ಮೇಲೆ ಆಸೆ ಇತ್ತು. ಪರಿಚಯದ ಒಬ್ಬರಿಗೆ ಅದರಿಂದ ತಲೆನೋವು ಕಡಿಮೆಯಾಗಿತ್ತಂತೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಅದನ್ನು ಕಲಿತಿದ್ದಾರೆ. ನಾಲ್ಕು ಸಲ ಮಾಡೋಣ, ಆ ಎರಡು ವಾರ ನಾನು ಬೇರೆ ಏನೂ ಮುಟ್ಟುವುದಿಲ್ಲ ಎಂದು ಮಾತಾಯಿತು.

ಈ ಚಿಕಿತ್ಸೆಯ ಮೂಲ ಅಮೆರಿಕದಲ್ಲಿದೆ. 1899ರ ಸುಮಾರಿಗೆ ವಿಲಿಯಂ ಸದರ್ಲ್ಯಾಂಡ್ ಎಂಬ ಆಸ್ಟಿಯೋಪತಿ (ಮೂಳೆ, ಸ್ನಾಯುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವ ಪದ್ಧತಿ) ವಿದ್ಯಾರ್ಥಿ ಬಿಡಿಬಿಡಿಯಾಗಿ ಜೋಡಿಸಿದ ತಲೆಬುರುಡೆ ನೋಡಿದರು. ಕಿವಿಯ ಪಕ್ಕದ ಮೂಳೆಯ ಅಂಚು ಮೀನಿನ ಕಿವಿರಿನ ಹಾಗೆ ಓರೆಯಾಗಿದೆ, ಹಾಗಿದ್ದರೆ ಅದು ಅಲ್ಲಾಡಲೆಂದೇ ಇರಬೇಕು ಎಂದು ಅವರಿಗೆ ಹೊಳೆಯಿತು. 1970ರ ದಶಕದ ನಂತರ ಜಾನ್ ಅಪ್ಲೆಡ್ಜರ್ ಇದನ್ನು ಇವತ್ತಿನ ರೂಪಕ್ಕೆ ತಂದರು. ಮಿದುಳು ಮತ್ತು ಬೆನ್ನುಹುರಿಯ ದ್ರವಕ್ಕೆ ಒಂದು ಲಯ ಇದೆ, ಅದನ್ನು ಬೆರಳಲ್ಲಿ ಗುರುತಿಸಿ, ಐದು ಗ್ರಾಂನಷ್ಟು ಹಗುರ ಒತ್ತಡದಿಂದ ಸರಿ ಮಾಡಬಹುದು ಎಂಬುದು ಅವರ ನಂಬಿಕೆ.

ನನಗೆ ಆ ವಿವರಣೆ ಒಪ್ಪಿಗೆಯಾಗುವುದಿಲ್ಲ. ದೊಡ್ಡವರ ತಲೆಬುರುಡೆಯ ಮೂಳೆಗಳು ಸೇರುವ ಸಂದುಗಳು ಅಷ್ಟು ಹಗುರ ಬೆರಳಿಗೆ ಸರಿಯುವಂಥವಲ್ಲ. ಒಬ್ಬರದೇ ತಲೆಯನ್ನು ಇಬ್ಬರು ಥೆರಪಿಸ್ಟ್‌ಗಳು ಹಿಡಿದು ಲಯ ಎಣಿಸಿದಾಗ ಲೆಕ್ಕ ಹೊಂದುವುದಿಲ್ಲ ಎಂದು ಹಲವು ಸಲ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಆದರೆ ಮಂದ ಬೆಳಕಿನ ಕೋಣೆಯಲ್ಲಿ ಮುಕ್ಕಾಲು ಗಂಟೆ ಯಾರೋ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರೆ ದೇಹ ಸಡಿಲವಾಗುತ್ತದೆ. ಅದು ನಿಜ. ಅದನ್ನು ಕೀಳಾಗಿ ನೋಡಲು ನನಗೆ ಮನಸ್ಸಿಲ್ಲ.

ಅಕ್ಕ ಮೊದಲ ಸಲವೇ ಟೇಬಲ್ ಮೇಲೆ ನಿದ್ದೆ ಹೋದರು. ಎದ್ದಾಗ ಸದ್ದು 6ರಿಂದ 4ಕ್ಕೆ ಬಂದಿತ್ತು. ಸಂಜೆ ಮತ್ತೆ 6. ನಾಲ್ಕೂ ಸಲ ಹೆಚ್ಚುಕಡಿಮೆ ಹೀಗೇ ಆಯಿತು. ಎರಡು ವಾರದ ಸರಾಸರಿ 6.1. ಅಂದರೆ ಮೊದಲಿದ್ದಷ್ಟೇ. ಪ್ರಶ್ನೆಪಟ್ಟಿಯ ಅಂಕ ಮಾತ್ರ 54ರಿಂದ 50ಕ್ಕೆ ಇಳಿಯಿತು, ಮುಖ್ಯವಾಗಿ ನಿದ್ದೆಯ ಪ್ರಶ್ನೆಯಲ್ಲಿ. ಸದ್ದು ಇಳಿಯಲಿಲ್ಲ, ಆದರೆ ಅದರ ಕಾಟ ಸ್ವಲ್ಪ ಇಳಿದಿತ್ತು. ಬಾಯಿ ತೆರೆಯುವುದು 34 ಮಿ.ಮೀ.ಗೇ ನಿಂತಿತ್ತು, ಕುತ್ತಿಗೆಯೂ ಹಾಗೇ ಇತ್ತು.

"ನಿದ್ದೆ ಚೆನ್ನಾಗಿ ಬರುತ್ತೆ ಮೇಡಂ, ಆದ್ರೆ ಅದು ಹೋಗ್ಲಿಲ್ಲ" ಎಂದು ಅಕ್ಕನೇ ಹೇಳಿದರು. ಮುಂದುವರಿಸುವುದು ಬಿಡುವುದು ಅವರಿಗೇ ಬಿಟ್ಟೆ. ಅವರು ಬಿಟ್ಟರು.

ಬೆರಳಿನ ಡೋಲು

ಅದರ ಮಧ್ಯೆ ಅಕ್ಕನ ಮಗಳು ಫೋನಿನಲ್ಲಿ ಒಂದು ವೀಡಿಯೋ ತೋರಿಸಿದ್ದಳು. ಎರಡೂ ಅಂಗೈಯಿಂದ ಕಿವಿ ಮುಚ್ಚಿ, ತೋರುಬೆರಳನ್ನು ಮಧ್ಯದ ಬೆರಳಿನ ಮೇಲಿಟ್ಟು ಜಾರಿಸಿ ಹೆಡತಲೆಯ ಮೇಲೆ ಟಪ್ ಟಪ್ ಎಂದು ಹೊಡೆಯುವುದು. ಚೀನಾದಲ್ಲಿ ಹಳೆಯ ಕಾಲದಿಂದ ಇರುವ ಅಭ್ಯಾಸ ಇದು. ಅಂತರ್ಜಾಲದಲ್ಲಿ ಐವತ್ತು ಸಲ ಹೊಡೆದರೆ ಸದ್ದು ಮಾಯ ಎಂದು ಓಡಾಡುತ್ತಿದೆ.

ಮಾಡಿ ನೋಡಿದರೆ ನಿಜಕ್ಕೂ ಸದ್ದು ನಿಂತಿತು. ಒಂದು ನಿಮಿಷ. ಜೋರು ಸದ್ದು ಕೇಳಿದ ಮೇಲೆ ಟಿನ್ನಿಟಸ್ ಸ್ವಲ್ಪ ಹೊತ್ತು ಅಡಗುವುದು ಬಹಳ ಜನರಲ್ಲಿ ಇದೆ. ಮೂಳೆಯ ಮೂಲಕ ಹೋಗುವ ಆ ಟಪ್ ಟಪ್ ಹಾಗೆ ಕೆಲಸ ಮಾಡಿರಬಹುದು, ಹೆಡತಲೆಯ ಸ್ನಾಯು ಸಡಿಲವಾಗಿಯೂ ಇರಬಹುದು. ತೊಂದರೆ ಬೇರೆ ಕಡೆ ಬಂತು. ಅಕ್ಕ ಅದನ್ನು ದಿನಕ್ಕೆ ಇಪ್ಪತ್ತು ಸಲ ಮಾಡತೊಡಗಿದರು. ಪ್ರತಿ ಸಲವೂ ಹೋಯ್ತಾ, ಬಂತಾ ಎಂದು ಕಿವಿಗೊಟ್ಟು ಕೇಳಬೇಕಲ್ವಾ? ಆ ವಾರ ಕಾಟದ ಅಂಕ 7ರಿಂದ 8ಕ್ಕೆ ಏರಿತು. ಹೆಡತಲೆ ನೋಯತೊಡಗಿತು. ನಿಲ್ಲಿಸಿ ಎಂದೆ.

ದವಡೆ ಮತ್ತು ಕುತ್ತಿಗೆ: ಆರು ವಾರ

ಇಲ್ಲಿಂದ ನನ್ನ ಕೆಲಸ. ವಾರಕ್ಕೆ ಎರಡು ಸಲ, ಮಧ್ಯೆ ಒಂದು ವಾರ ಬಿಡುವು, ಒಟ್ಟು ಹತ್ತು ಸಲ.

ಪ್ರತಿ ಸಲ ಮೊದಲು ಹೆಡತಲೆ. ಅಕ್ಕನನ್ನು ಅಂಗಾತ ಮಲಗಿಸಿ, ಎರಡೂ ಕೈಯ ಬೆರಳ ತುದಿಗಳನ್ನು ತಲೆಬುರುಡೆಯ ಅಂಚಿನ ಕೆಳಗೆ ಇಡುತ್ತಿದ್ದೆ. ತಲೆಯ ಭಾರವೇ ಬೆರಳ ಮೇಲೆ ಇಳಿಯಬೇಕು, ನಾನು ಒತ್ತಬಾರದು. ಎರಡು ಮೂರು ನಿಮಿಷಕ್ಕೆ ಸ್ನಾಯು ಕರಗಿದ ಹಾಗೆ ಮೆತ್ತಗಾಗುತ್ತದೆ. ಆಮೇಲೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವೆ ಮೆಲ್ಲಗಿನ, ಲಯವಾದ ಚಲನೆ. ಟಕ್ ಅನ್ನಿಸುವುದು ಇಲ್ಲವೇ ಇಲ್ಲ.

ಆಮೇಲೆ ದವಡೆ. ಗ್ಲೌಸ್ ಹಾಕಿ, ಹೆಬ್ಬೆರಳನ್ನು ಬಾಯಿಯ ಒಳಗೆ ಕೆನ್ನೆಗೆ ತಾಗಿಸಿ, ಉಳಿದ ಬೆರಳುಗಳನ್ನು ಹೊರಗಿಟ್ಟು ಅಗಿಯುವ ಸ್ನಾಯುವನ್ನು ನಡುವೆ ಹಿಡಿಯುವುದು. ಬಿಗಿದ ಜಾಗ ಸಿಕ್ಕಾಗ ಅಲ್ಲೇ ಅರ್ಧ ನಿಮಿಷ ನಿಲ್ಲುವುದು. ಕಣತಲೆಯ ಸ್ನಾಯುವನ್ನು ಹೊರಗಿನಿಂದ ನೀವುವುದು. ಕೊನೆಗೆ ದವಡೆ ಕೀಲನ್ನು ಕೆಳಕ್ಕೆ, ಮುಂದಕ್ಕೆ ಮೆಲ್ಲಗೆ ಸಡಿಲಿಸುವುದು.

ಮನೆಗೆ ಕೊಟ್ಟದ್ದು ಸಣ್ಣ ಕೆಲಸಗಳು. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಂದು ಇರಲಿ, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿರಲಿ. ಅಗಿಯುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗಬೇಕಾದ ಕೆಲಸವೇ ಇಲ್ಲ. ಹೊಲಿಗೆ ಮೆಷಿನ್‌ಗೆ ಒಂದು ಬಣ್ಣದ ಚೀಟಿ ಅಂಟಿಸಿಕೊಂಡರು, ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಬಿಡಲು. ದಾರಕ್ಕೆ ಸಣ್ಣ ಕತ್ತರಿಯನ್ನು ರಿಬ್ಬನ್‌ನಲ್ಲಿ ಕೊರಳಿಗೆ ಹಾಕಿಕೊಂಡರು. ಪಿನ್ನುಗಳಿಗೆ ಮಣಿಕಟ್ಟಿನ ಮೇಲೆ ಮೆತ್ತೆ ಬಂತು. ಮೆಷಿನ್ ಮೇಜನ್ನು ಎತ್ತರಿಸಿದರು. ರಾತ್ರಿ ಹಲ್ಲು ಕಡಿಯುವ ಗುರುತು ಇದ್ದದ್ದರಿಂದ ದಂತವೈದ್ಯರು ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಸ್ಪ್ಲಿಂಟ್, ಮಾಡಿಕೊಟ್ಟರು.

ಐದನೇ ಸಲ ನಾನು ತಪ್ಪು ಮಾಡಿದೆ. ಹಿಂದಿನ ಸಲ ಚೆನ್ನಾಗಿ ಸಡಿಲವಾಗಿತ್ತು ಎಂಬ ಹುರುಪಿನಲ್ಲಿ ಕೆನ್ನೆಯ ಆಳದ ಪದರವನ್ನು ಜಾಸ್ತಿ ಒತ್ತಿದೆ, ಜಾಸ್ತಿ ಹೊತ್ತು ಒತ್ತಿದೆ. ಆ ರಾತ್ರಿ ಸದ್ದು 10ಕ್ಕೆ ಹೋಯಿತು. ಎರಡು ದಿನ ಇಳಿಯಲಿಲ್ಲ. ಫೋನ್ ಮಾಡಿ ಅಳುತ್ತಿದ್ದರು. "ಮೇಡಂ, ಇದು ಹೀಗೇ ಉಳಿದುಬಿಡುತ್ತಾ?" ಎಂದು ಕೇಳಿದರು. ಒತ್ತಿದ ನಂತರ ಒಂದೆರಡು ದಿನ ಸದ್ದು ಏರಬಹುದು, ಹೆದರಬೇಡಿ ಎಂದು ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ. ಆ ಎರಡು ರಾತ್ರಿ ಅವರು ಪಟ್ಟ ಭಯದಲ್ಲಿ ಅರ್ಧ ನನ್ನ ಬೆರಳಿನದು, ಅರ್ಧ ನನ್ನ ಮೌನದ್ದು. ಒಂದು ವಾರ ಬಿಟ್ಟು ಅರ್ಧ ಒತ್ತಡದಲ್ಲಿ ಮತ್ತೆ ಶುರು ಮಾಡಿದೆವು. ಅಲ್ಲಿಂದ ಯಾರಿಗೇ ಆಗಲಿ ಮೊದಲ ದಿನವೇ ಇದನ್ನು ಹೇಳುತ್ತೇನೆ.

ಆರನೇ ವಾರದ ಕೊನೆಗೆ ಬಾಯಿ 43 ಮಿ.ಮೀ. ತೆರೆಯುತ್ತಿತ್ತು, ವಾಲುವುದು ಬಹಳ ಕಡಿಮೆಯಾಗಿತ್ತು. ಕುತ್ತಿಗೆ ಎಡಕ್ಕೆ 39 ಡಿಗ್ರಿ ತಿರುಗುತ್ತಿತ್ತು. ಸದ್ದಿನ ಸರಾಸರಿ 4.2. ಪ್ರಶ್ನೆಪಟ್ಟಿಯ ಅಂಕ 32. ಈ ಪಟ್ಟಿಯಲ್ಲಿ 7 ಅಂಕ ಇಳಿದರೂ ಅರ್ಥವಿದೆ ಎನ್ನುವವರು ಇದ್ದಾರೆ, 20 ಇಳಿಯಲೇಬೇಕು ಎನ್ನುವವರೂ ಇದ್ದಾರೆ. ಚಿಕಿತ್ಸೆ ಇಲ್ಲದ ಎರಡು ವಾರದ ಕೊನೆಯ 54ರಿಂದ ಲೆಕ್ಕ ಹಾಕಿದರೂ 22 ಇಳಿದಿತ್ತು.

ಆದರೆ ನನಗೆ ಅಂಕಕ್ಕಿಂತ ಮುಖ್ಯವಾಗಿ ಕಂಡದ್ದು ಅಕ್ಕನ ಮಾತು. "ಆ ಸೂಜಿ ಸದ್ದು ವಾರಕ್ಕೆ ಒಂದೋ ಎರಡೋ ಸಲ ಬರುತ್ತೆ ಅಷ್ಟೆ. ಶ್ಶ್ ಮಾತ್ರ ಹಾಗೇ ಇದೆ." ದವಡೆಗೆ ಬಗ್ಗಿದ ಸದ್ದು ದವಡೆ ಸಡಿಲವಾದಾಗ ಹೋಯಿತು. ಮೊದಲ ದಿನ ಯಾವುದಕ್ಕೂ ಅಲ್ಲಾಡದ ಸದ್ದು ಈಗಲೂ ಅಲ್ಲಾಡಲಿಲ್ಲ. ಅದು ಬಹುಶಃ 4000 ಹರ್ಟ್ಝ್‌ನ ಆ ಗುಳಿಗೆ ಸೇರಿದ್ದು. ಅಲ್ಲಿಗೆ ನನ್ನ ಬೆರಳು ತಲುಪುವುದಿಲ್ಲ.

ಉಳಿದ ಸದ್ದಿಗೆ

ಅದಕ್ಕೆ ಬೇರೆ ದಾರಿ ಹಿಡಿಯಬೇಕಾಯಿತು. ಮಲಗುವ ಕೋಣೆಯಲ್ಲಿ ಪೂರ್ತಿ ನಿಶ್ಶಬ್ದ ಬೇಡ ಎಂದೆ. 1953ರಲ್ಲಿ ಕಿವಿಯ ದೂರು ಇಲ್ಲದ 80 ಜನರನ್ನು ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿದ ಒಂದು ಪ್ರಸಿದ್ಧ ಪ್ರಯೋಗ ಇದೆ. ಅವರಲ್ಲಿ 94 ಶೇಕಡಾ ಜನರಿಗೆ ಏನೋ ಒಂದು ಸದ್ದು ಕೇಳಿಸಿತು. ಇದನ್ನು ಹೇಳಿದಾಗ ಅಕ್ಕನಿಗೆ ಎಷ್ಟೋ ಸಮಾಧಾನವಾಯಿತು. ಮಳೆಯ ಸದ್ದನ್ನು ಮೊಬೈಲಿನಲ್ಲಿ ಮೆಲ್ಲಗೆ ಹಾಕಿಕೊಂಡು ಮಲಗತೊಡಗಿದರು, ಶ್ಶ್ ಅನ್ನು ಮುಚ್ಚುವಷ್ಟು ಜೋರಾಗಿ ಅಲ್ಲ, ಅದರ ಜೊತೆ ಬೆರೆಯುವಷ್ಟು. ಮೆಷಿನ್ ಹತ್ತಿರ ಕೂತಾಗ ಕಿವಿಗೆ ರಕ್ಷಣೆ, ಆದರೆ ದಿನವಿಡೀ ಅಲ್ಲ. ಕಿವಿ ಮುಚ್ಚಿಕೊಂಡೇ ಇದ್ದರೆ ಒಳಗಿನ ಸದ್ದೇ ದೊಡ್ಡದಾಗುತ್ತದೆ.

ಮನಃಶಾಸ್ತ್ರಜ್ಞರೊಬ್ಬರ ಹತ್ತಿರ ಸಿಬಿಟಿಗೆ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಕಳಿಸಿದೆ. ಸದ್ದಿನ ಬಗ್ಗೆ ನಮ್ಮಲ್ಲಿ ಏಳುವ ಯೋಚನೆ, ಭಯವನ್ನು ಬದಲಿಸುವ ಈ ಮಾತಿನ ಚಿಕಿತ್ಸೆಗೆ ಟಿನ್ನಿಟಸ್‌ನಲ್ಲಿ ಇರುವಷ್ಟು ಆಧಾರ ನನ್ನ ಕೈಚಿಕಿತ್ಸೆಗೆ ಇಲ್ಲ. ಅಮೆರಿಕದ ಇಎನ್‌ಟಿ ವೈದ್ಯರ ಸಂಘ 2014ರಲ್ಲಿ ಕೊಟ್ಟ ಮಾರ್ಗಸೂಚಿ ಸಿಬಿಟಿ ಕೊಡಿ ಎನ್ನುತ್ತದೆ, ಕೇಳುವುದು ಕಡಿಮೆ ಇದ್ದರೆ ಹಿಯರಿಂಗ್ ಏಡ್ ನೋಡಿ ಎನ್ನುತ್ತದೆ. ಗಿಂಕ್ಗೊ ಎಂಬ ಗಿಡಮೂಲಿಕೆ, ಮೆಲಟೋನಿನ್, ಜಿಂಕ್ ಮಾತ್ರೆ ಬೇಡ ಎನ್ನುತ್ತದೆ. ಅಕ್ಕನ ಚೀಲದಲ್ಲಿ ಗಿಂಕ್ಗೊ ಡಬ್ಬಿ ಇತ್ತು. ಅದು ಮುಗಿದ ಮೇಲೆ ಇನ್ನೊಂದು ತರಲಿಲ್ಲ.

ನೋಟ್‌ಪುಸ್ತಕವನ್ನೂ ಆಗ ನಿಲ್ಲಿಸಿದೆ. ಅಳೆಯಲು ಬೇಕಾಗಿದ್ದಷ್ಟು ದಿನ ಅದು ಇತ್ತು. ಇನ್ನು ದಿನಕ್ಕೆ ಮೂರು ಸಲ ಸದ್ದಿಗೆ ಕಿವಿಗೊಡುವ ಅಗತ್ಯ ಇರಲಿಲ್ಲ.

ಮೂರನೇ ತಿಂಗಳು, ಆರನೇ ತಿಂಗಳು

ಮೂರು ತಿಂಗಳಿಗೆ ಬಂದಾಗ ಅಂಕ 44. ಅಕ್ಕ ತಲೆ ತಗ್ಗಿಸಿಕೊಂಡೇ ಒಳಗೆ ಬಂದರು. ಮತ್ತೊಂದು ದೊಡ್ಡ ಆರ್ಡರ್, ಕತ್ತರಿ ಎಲ್ಲೋ ಕಳೆದಿತ್ತು, ಮತ್ತೆ ಹಲ್ಲು. ಬಾಯಿ 38 ಮಿ.ಮೀ.ಗೆ ಇಳಿದಿತ್ತು. ನನಗೆ ಬೇಸರವಾದರೂ ಒಂದು ವಿಷಯ ಗಟ್ಟಿಯಾಯಿತು. ದವಡೆ ಬಿಗಿದಾಗ ಸದ್ದು ಏರಿತು, ಅದೂ ಯಾರೂ ಪ್ರಯೋಗ ಮಾಡದೆ ತಾನಾಗಿ. ಎರಡು ಸಲ ಕೈಚಿಕಿತ್ಸೆ, ಹೊಸ ಕತ್ತರಿ. ಮೂರು ವಾರದಲ್ಲಿ ಅಂಕ 34.

ಹೀಗೆ ಮರಳಿ ಬರುವುದು ಅಕ್ಕ ಒಬ್ಬರದೇ ಕಥೆ ಅಲ್ಲ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಕುತ್ತಿಗೆ ತೊಂದರೆ ಇರುವ ಟಿನ್ನಿಟಸ್ ರೋಗಿಗಳಿಗೆ ಫಿಸಿಯೋಥೆರಪಿ ಕೊಟ್ಟು ನೋಡಿದರು. ಅದರ ವರದಿ 2016ರಲ್ಲಿ ಬಂತು. 38 ಜನರಲ್ಲಿ 53 ಶೇಕಡಾ ಜನರಿಗೆ ಚಿಕಿತ್ಸೆ ಮುಗಿದ ಕೂಡಲೇ ಒಳ್ಳೆಯ ಸುಧಾರಣೆ ಇತ್ತು. ಆರು ವಾರದ ನಂತರ ಅದು ಉಳಿದದ್ದು 24 ಶೇಕಡಾ ಜನರಿಗೆ. ಅದೂ ಕುತ್ತಿಗೆ ತೊಂದರೆ ಇದೆ ಎಂದು ಮೊದಲೇ ಆರಿಸಿಕೊಂಡವರಲ್ಲಿ. ಟಿನ್ನಿಟಸ್ ಇರುವ ಎಲ್ಲರಿಗೂ ಇದನ್ನು ಮಾರಲು ಹೊರಟರೆ ಮೋಸವಾಗುತ್ತದೆ.

ಆರು ತಿಂಗಳಿಗೆ ಅಂಕ 30. ಸೌಮ್ಯ ಎನ್ನುವ ಮಟ್ಟ. ಶ್ಶ್ ಇದೆ. ಮೆಷಿನ್ ಓಡುವಾಗ ನೆನಪಾಗುವುದಿಲ್ಲ, ರಾತ್ರಿ ನೆನಪಾಗುತ್ತದೆ, ಆದರೆ ಎದ್ದು ಕೂರುವುದಿಲ್ಲ ಎಂದರು.

ಈ ಪ್ರಕರಣದಲ್ಲಿ ನನಗೆ ಬಿಡಿಸಲಾಗದ ಒಂದು ಗಂಟು ಇದೆ. ತಲೆ ಹಿಡಿಯುವ ಚಿಕಿತ್ಸೆಯನ್ನು ಬೇರೆಯಾಗಿ ಅಳೆದೆ. ನನ್ನದೇ ಚಿಕಿತ್ಸೆಗೆ ಬಂದಾಗ ಆ ಶಿಸ್ತು ಇಟ್ಟುಕೊಳ್ಳಲಿಲ್ಲ. ಕೈಚಿಕಿತ್ಸೆ, ಕತ್ತರಿ, ಪಿನ್ನಿನ ಮೆತ್ತೆ, ಮೇಜಿನ ಎತ್ತರ, ಸ್ಪ್ಲಿಂಟ್, ಎಲ್ಲವನ್ನೂ ಹೆಚ್ಚುಕಡಿಮೆ ಒಟ್ಟಿಗೆ ಶುರು ಮಾಡಿಸಿದೆ. ಹತ್ತು ಸಲ ನಾನು ಒತ್ತಿದ್ದಕ್ಕಿಂತ ಕೊರಳಲ್ಲಿ ನೇತಾಡುವ ಕತ್ತರಿಯೇ ಜಾಸ್ತಿ ಕೆಲಸ ಮಾಡಿರಬಹುದು. ಮೂರನೇ ತಿಂಗಳಲ್ಲಿ ಆದದ್ದನ್ನು ನೋಡಿದರೆ ಅದೇ ನಿಜ ಅನಿಸುತ್ತದೆ. ಮುಂದಿನ ಸಲ ಇಂಥವರು ಬಂದರೆ ಮೊದಲು ಕತ್ತರಿ ಕೊಟ್ಟು ಎರಡು ವಾರ ಕಾಯುತ್ತೇನೆ. ಅಷ್ಟರಲ್ಲೇ ಸದ್ದು ಇಳಿದರೆ ಅವರು ನನ್ನ ಟೇಬಲ್ ಮೇಲೆ ಮಲಗುವ ಅಗತ್ಯವೇ ಬರುವುದಿಲ್ಲ.

ಹಿಯರಿಂಗ್ ಏಡ್ ವಿಷಯದಲ್ಲೂ ತಡ ಮಾಡಿದೆ. ಆ ಗುಳಿ ಸಣ್ಣದು ಎಂದು ಬಿಟ್ಟಿದ್ದೆ. ಈಗ ಆಡಿಯೋಲಜಿಸ್ಟ್ (ಶ್ರವಣ ತಜ್ಞರು) ಎಡಗಿವಿಗೆ ಒಂದು ತಿಂಗಳು ಹಾಕಿ ನೋಡೋಣ ಎಂದಿದ್ದಾರೆ. ಅಕ್ಕನಿಗೆ ಸ್ವಲ್ಪ ಸಂಕೋಚ ಇದೆ, ಆದರೆ ಒಪ್ಪಿದ್ದಾರೆ. ಹಾಕುವ ಮೊದಲು ಶ್ರವಣ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಮುಂದಿನ ವಾರ ದಿನ ಗೊತ್ತಾಗಿದೆ.